ಅಲಾಸ್ಕಾ ಕ್ರೂಸ್: ಡೆಕ್ ಮೇಲೆ ನಾಲ್ಕು ಗಂಟೆ ನಿಲ್ಲುವ ತಯಾರಿ

ಅಲಾಸ್ಕಾದ ಹಿಮನದಿಗಳ ಕೊಲ್ಲಿಯಾದ ಗ್ಲೇಸಿಯರ್ ಬೇ ಒಳಗೆ ಹಡಗು ಬೆಳಗ್ಗೆ ಹೊಕ್ಕರೆ ಎಂಟೊಂಬತ್ತು ಗಂಟೆ ಅಲ್ಲೇ ಇರುತ್ತದೆ. ಅದರಲ್ಲಿ ನಾಲ್ಕು ಗಂಟೆಯಾದರೂ ಹೊರಗೆ ನಿಂತವರು ಕಾಣುವ ಅಲಾಸ್ಕಾ ಬೇರೆ, ಹತ್ತು ನಿಮಿಷ ಬಂದು ಫೋಟೊ ತೆಗೆದು ನಡುಗುತ್ತ ಒಳಗೆ ಓಡುವವರು ಕಾಣುವ ಅಲಾಸ್ಕಾ ಬೇರೆ. ಹಿಮನದಿಯಿಂದ ಗೋಡೆಯಷ್ಟು ಮಂಜು ಕಳಚಿ ಬೀಳುವುದಕ್ಕೆ ವೇಳಾಪಟ್ಟಿ ಇಲ್ಲ, ತಿಮಿಂಗಿಲಕ್ಕೂ ಇಲ್ಲ. ಕಾಯಲು ಆಗುವವರಿಗೇ ಅವು ಸಿಗುತ್ತವೆ. ತಿಂಗಳು, ಕ್ಯಾಬಿನ್, ಬಟ್ಟೆ, ಕ್ಯಾಮೆರಾ ಎಲ್ಲವನ್ನೂ ನಾನು ಆರಿಸುವುದು ಆ ನಾಲ್ಕು ಗಂಟೆಯನ್ನು ಮನಸ್ಸಿನಲ್ಲಿಟ್ಟುಕೊಂಡು.

ಮೊದಲು ಚಳಿಯ ಲೆಕ್ಕ. ಜೂನ್, ಜುಲೈಯಲ್ಲಿ ಜೂನೊ ಊರಿನ ಹಗಲು 10ರಿಂದ 18 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಈ ಅಂಕಿ ನೋಡಿ ಒಂದು ಸ್ವೆಟರ್ ಸಾಕೆಂದು ಹೊರಡುವವರೇ ಹೆಚ್ಚು. ಆದರೆ ಡೆಕ್ ಮೇಲೆ ನಮ್ಮನ್ನು ನಡುಗಿಸುವುದು ಗಾಳಿ. ಹಡಗು 20 ನಾಟ್ ವೇಗದಲ್ಲಿ ಸಾಗುತ್ತಿದ್ದರೆ, ಎಲೆ ಅಲುಗದ ದಿನವೂ ಮುಖಕ್ಕೆ ಗಂಟೆಗೆ 37 ಕಿಲೋಮೀಟರ್ ಗಾಳಿ ಹೊಡೆಯುತ್ತದೆ. ಹಿಮನದಿಯ ಹತ್ತಿರ ಹಡಗು ನಿಂತರೂ ಬಿಡುವಿಲ್ಲ. ಮಂಜಿನ ಮೇಲೆ ತಣಿದು ಭಾರವಾದ ಗಾಳಿ ಇಳಿಜಾರಿನಲ್ಲಿ ನೀರಿನಂತೆ ಜಾರಿ ಕೊಲ್ಲಿಗೆ ಸುರಿಯುತ್ತಿರುತ್ತದೆ. ಅದಕ್ಕೇ ಬಿಸಿಲಿದ್ದರೂ ಅಲ್ಲಿ ಮೂಗು, ಕಿವಿ, ಬೆರಳು ಮರಗಟ್ಟುತ್ತವೆ.

ಹಾಗಾಗಿ ದಪ್ಪನೆಯ ಒಂದು ಕೋಟ್‌ಗಿಂತ ತೆಳುವಾದ ಮೂರು ಪದರ ಮೇಲು. ಮೈಗೆ ತಾಗಿ ಮೆರಿನೊ ಉಣ್ಣೆ ಅಥವಾ ಪಾಲಿಯೆಸ್ಟರ್ ಥರ್ಮಲ್, ಅದರ ಮೇಲೆ ಫ್ಲೀಸ್, ಎಲ್ಲಕ್ಕಿಂತ ಮೇಲೆ ಟೋಪಿ ಇರುವ, ನೀರೂ ಗಾಳಿಯೂ ತೂರದ ಜಾಕೆಟ್. ಮೈಗೆ ತಾಗುವ ಪದರ ಹತ್ತಿಯದಾದರೆ ಉಳಿದ ಎರಡೂ ದಂಡ. ಹತ್ತಿ ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ನಿಂತ ಕೂಡಲೇ ಅದೇ ಒದ್ದೆ ಮೈಯ ಶಾಖ ಎಳೆಯುತ್ತದೆ. ಹಕ್ಕಿ ಗರಿ ತುಂಬಿದ ಡೌನ್ ಜಾಕೆಟ್ ಒಣ ಚಳಿಗೆ ಅದ್ಭುತ, ಇಲ್ಲಿಗಲ್ಲ. ಇಲ್ಲಿನ ಕೆಚಿಕಾನ್ ಬಂದರಿನಲ್ಲಿ ವರ್ಷಕ್ಕೆ ಮೂರೂವರೆ ಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ನೆನೆದ ಗರಿ ಮುದ್ದೆಯಾಗಿ ಬೆಚ್ಚಗಿಡುವ ಗುಣವನ್ನೇ ಕಳೆದುಕೊಳ್ಳುತ್ತದೆ. ಒಯ್ಯಲೇಬೇಕೆಂದಿದ್ದರೆ ಮಳೆ ಜಾಕೆಟಿನ ಒಳಗೆ ಹಾಕಿಕೊಳ್ಳಿ.

ಎಲ್ಲರೂ ಎಡವುವುದು ಕಾಲಿನ ವಿಷಯದಲ್ಲಿ. ಚಳಿ ಎಂದು ಎರಡು ಜೊತೆ ಕಾಲುಚೀಲ ಹಾಕಿ ಶೂ ಬಿಗಿದರೆ ರಕ್ತ ಓಡಾಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ಬೆರಳು ಆಡಿಸಲು ಜಾಗವಿರುವ ಶೂ, ಒಂದೇ ದಪ್ಪ ಉಣ್ಣೆಯ ಕಾಲುಚೀಲ, ದಪ್ಪ ಅಟ್ಟೆ. ಒದ್ದೆ ಡೆಕ್ ಕೆಳಗಿನಿಂದ ಶಾಖ ಹೀರುವುದರಿಂದ ಅಟ್ಟೆ ಮುಖ್ಯ. ಕೈಗೆ ಎರಡು ಪದರ: ಕ್ಯಾಮೆರಾ ಗುಂಡಿ ಒತ್ತಲು ಬರುವ ತೆಳು ಗವಸು, ಮೇಲೆ ನಾಲ್ಕು ಬೆರಳೂ ಒಂದೇ ಚೀಲದಲ್ಲಿ ಕೂರುವ ದಪ್ಪ ಗವಸು. ಬೆರಳುಗಳು ಒಟ್ಟಿಗಿದ್ದರೆ ಒಂದಕ್ಕೊಂದು ಬಿಸಿ ಕೊಡುತ್ತವೆ. ಕೈ ಬಿಸಿಮಾಡುವ ಪುಟ್ಟ ಪೊಟ್ಟಣಗಳಲ್ಲಿ ಇರುವುದು ಕಬ್ಬಿಣದ ಪುಡಿ. ಅದು ಗಾಳಿಯ ಆಮ್ಲಜನಕದೊಂದಿಗೆ ಸೇರಿದಾಗ ಮಾತ್ರ ಕಾಯುತ್ತದೆ. ಡೆಕ್‌ಗೆ ಹೊರಡುವ ಕಾಲು ಗಂಟೆ ಮೊದಲೇ ಬಿಚ್ಚಿ ಅಲುಗಾಡಿಸಿ. ಕೈಯದನ್ನು ಬಿಗಿ ಶೂ ಒಳಗೆ ತುರುಕಿದರೆ ಗಾಳಿ ಸಿಗದೆ ಅದು ಸುಮ್ಮನೆ ಬಿದ್ದಿರುತ್ತದೆ. ತಲೆಗೆ ಕಿವಿ ಮುಚ್ಚುವ ಉಣ್ಣೆ ಟೋಪಿ, ಮಂಕಿ ಕ್ಯಾಪ್ ಆದರೆ ಇನ್ನೂ ಒಳ್ಳೆಯದು. ತಂಪು ಕನ್ನಡಕ, ಸನ್‌ಸ್ಕ್ರೀನ್ ಎರಡೂ ಬೇಕು. ಮಂಜು, ನೀರು ಎರಡರಿಂದಲೂ ಬೆಳಕು ಚಿಮ್ಮಿ ಕಣ್ಣಿಗೆ ಹೊಡೆಯುತ್ತದೆ.

ಇನ್ನು ಬುಕಿಂಗ್. ಹಡಗುಗಳು ಏಪ್ರಿಲ್ ಕೊನೆಯಿಂದ ಅಕ್ಟೋಬರ್ ತನಕ ಓಡುತ್ತವೆ. ಆಗ್ನೇಯ ಅಲಾಸ್ಕಾದಲ್ಲಿ ಮಳೆ ಕಡಿಮೆ ಇರುವುದು ಮೇ ಆಸುಪಾಸಿನಲ್ಲಿ. ಸೆಪ್ಟೆಂಬರ್, ಅಕ್ಟೋಬರ್ ಹೆಚ್ಚು ಒದ್ದೆ. ಮೇ ಕೊನೆ ಮತ್ತು ಜೂನ್ ಮೊದಲ ವಾರಗಳಿಗೆ ನನ್ನ ಮತ: ಬೆಟ್ಟದ ಮೇಲೆ ಹಿಮ ಇನ್ನೂ ಉಳಿದಿರುತ್ತದೆ, ಬೆಳಕು ರಾತ್ರಿ ಹತ್ತರವರೆಗೂ ಇರುತ್ತದೆ. ನಿದ್ದೆಗೆ ಕಣ್ಣುಪಟ್ಟಿ ಇರಲಿ. ಆದರೆ ಗ್ಲೇಸಿಯರ್ ಬೇ ಒಳಗಿನ ಜಾನ್ಸ್ ಹಾಪ್ಕಿನ್ಸ್ ಕವಲು ನೋಡಲೇಬೇಕು ಎನ್ನುವವರು ಸೆಪ್ಟೆಂಬರಿಗೇ ಹೋಗಬೇಕು. ಸೀಲ್‌ಗಳು ಅಲ್ಲಿ ತೇಲುವ ಮಂಜಿನ ಮೇಲೆ ಮರಿ ಹಾಕಿ ಸಾಕುವುದರಿಂದ ಮೇ 1ರಿಂದ ಆಗಸ್ಟ್ 31ರವರೆಗೆ ದೊಡ್ಡ ಹಡಗುಗಳಿಗೆ ಪ್ರವೇಶವಿಲ್ಲ.

ದಾರಿ ಆರಿಸುವಾಗ ಬಂದರುಗಳ ಪಟ್ಟಿಗಿಂತ ಮೊದಲು ಎರಡು ವಿಷಯ ನೋಡಿ. ಒಂದು, ಗ್ಲೇಸಿಯರ್ ಬೇ ಇದೆಯೇ? ದಿನಕ್ಕೆ ಎರಡೇ ಕ್ರೂಸ್ ಹಡಗುಗಳಿಗೆ ಅಲ್ಲಿ ಅನುಮತಿ, ಹಾಗಾಗಿ ಎಲ್ಲ ಯಾನಗಳೂ ಅಲ್ಲಿಗೆ ಹೋಗುವುದಿಲ್ಲ. ಅದಿಲ್ಲದಿದ್ದರೆ ಹಬ್ಬರ್ಡ್ ಹಿಮನದಿ ಇರುವ ಯಾನ ನೋಡಿ. ನೀರಿಗೆ ತಾಗುವ ಅದರ ಮುಖವೇ ಸುಮಾರು ಹತ್ತು ಕಿಲೋಮೀಟರ್ ಅಗಲ, ಮತ್ತು ಬಹುತೇಕ ಹಿಮನದಿಗಳು ಹಿಂದೆ ಸರಿಯುತ್ತಿರುವಾಗ ಅದು ಮುಂದೆ ಬರುತ್ತಿದೆ. ಎರಡು, ಹೊರಡುವ ಊರು ಯಾವುದು? ಕೆನಡಾದ ವ್ಯಾಂಕೂವರ್‌ನಿಂದ ಹೊರಡುವ ಹಡಗುಗಳು ವ್ಯಾಂಕೂವರ್ ದ್ವೀಪಕ್ಕೂ ಮುಖ್ಯ ನೆಲಕ್ಕೂ ನಡುವಿನ ಕಿರಿದಾದ ನೀರಿನಲ್ಲಿ ಸಾಗುತ್ತವೆ. ಆ ದಾರಿಯಲ್ಲಿ ಸಿಮೋರ್ ನ್ಯಾರೋಸ್ ಎಂಬ ಇಕ್ಕಟ್ಟಾದ ಜಲಮಾರ್ಗ ಸಿಗುತ್ತದೆ. ಅಲ್ಲಿ ಹಡಗುಗಳನ್ನು ನುಂಗುತ್ತಿದ್ದ ರಿಪ್ಪಲ್ ರಾಕ್ ಎಂಬ ಬಂಡೆಯನ್ನು 1958ರ ಏಪ್ರಿಲ್ 5ರಂದು ಸ್ಫೋಟಿಸಿ ತೆಗೆದರು. ಸೆಳೆತ ಇಂದಿಗೂ ಎಷ್ಟು ಜೋರೆಂದರೆ ಉಬ್ಬರವಿಳಿತ ತಟಸ್ಥವಾಗುವ ಹೊತ್ತು ನೋಡಿಕೊಂಡೇ ದೊಡ್ಡ ಹಡಗುಗಳು ದಾಟುತ್ತವೆ. ಸಿಯಾಟಲ್‌ನಿಂದ ಹೊರಡುವ ಹಡಗುಗಳು ಸಾಮಾನ್ಯವಾಗಿ ದ್ವೀಪದ ಪಶ್ಚಿಮಕ್ಕೆ, ತೆರೆದ ಸಾಗರದಲ್ಲಿ ಹೋಗುತ್ತವೆ. ಅಲ್ಲಿ ಅಲೆಗಳ ಕುಲುಕಾಟ ಹೆಚ್ಚು, ದಡದ ನೋಟ ಕಡಿಮೆ. ವ್ಯಾಂಕೂವರ್ ದಾರಿಗೇ ನನ್ನ ಓಟು.

ಸಿಯಾಟಲ್‌ನಿಂದ ಹೋಗಿ ಸಿಯಾಟಲ್‌ಗೇ ಮರಳಿದರೂ ಕೆನಡಾ ತಪ್ಪುವುದಿಲ್ಲ. ವಿದೇಶಿ ಧ್ವಜದ ಹಡಗು ನಡುವೆ ಬೇರೆ ದೇಶದ ಬಂದರು ಮುಟ್ಟದೆ ಅಮೆರಿಕದಲ್ಲೇ ಹತ್ತಿಸಿ ಇಳಿಸುವಂತಿಲ್ಲ ಎಂಬ 1886ರ ಕಾನೂನು ಇನ್ನೂ ಜಾರಿಯಲ್ಲಿದೆ. ಅದಕ್ಕಾಗಿ ಆ ಹಡಗುಗಳು ಹೆಚ್ಚಾಗಿ ಸಂಜೆ ಹೊತ್ತಿಗೆ ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆ ನಿಲ್ಲುತ್ತವೆ. ಗ್ರೀನ್ ಕಾರ್ಡ್ ಇಲ್ಲದೆ ಭಾರತದ ಪಾಸ್‌ಪೋರ್ಟ್ ಮೇಲೆ ಹೋಗುವವರು ಅಮೆರಿಕದ ವೀಸಾದ ಜೊತೆಗೆ ಕೆನಡಾದ್ದನ್ನೂ ಮಾಡಿಸಿಟ್ಟುಕೊಂಡೇ ಟಿಕೆಟ್ ಹಣ ಕಟ್ಟಬೇಕು.

ಕ್ಯಾಬಿನ್ ಎಡಕ್ಕೋ ಬಲಕ್ಕೋ ಎಂಬ ಚರ್ಚೆಗೆ ಹೆಚ್ಚು ಅರ್ಥವಿಲ್ಲ. ದ್ವೀಪಗಳ ನಡುವಿನ ಒಳದಾರಿಯಲ್ಲಿ ಎರಡೂ ಕಡೆ ನೆಲವಿದೆ, ಹಿಮನದಿಯ ಮುಂದೆ ಹಡಗು ನಿಧಾನವಾಗಿ ಒಂದು ಸುತ್ತು ತಿರುಗಿ ಎರಡೂ ಬದಿಗೆ ತೋರಿಸುತ್ತದೆ. ಬಾಲ್ಕನಿ ಇದ್ದರೆ ಬೆಳಗಿನ ನಾಲ್ಕಕ್ಕೂ ಕಂಬಳಿ ಹೊದ್ದು ಹೊರಗೆ ಕೂರಬಹುದು, ಆ ಸುಖ ದೊಡ್ಡದು. ಆದರೆ ಬಾಲ್ಕನಿಯಿಂದ ಅರ್ಧ ಆಕಾಶವಷ್ಟೇ ಕಾಣುತ್ತದೆ. ಹಣ ಬಿಗಿಯಾಗಿದ್ದರೆ ಕಿಟಕಿ ಇಲ್ಲದ ಒಳ ಕ್ಯಾಬಿನ್ ಹಿಡಿದು, ಉಳಿದದ್ದನ್ನು ಒಳ್ಳೆಯ ಜಾಕೆಟ್ ಮತ್ತು ಬೈನಾಕ್ಯುಲರ್‌ಗೆ ಹಾಕಿ. ವಾಂತಿಯ ಭಯವಿದ್ದವರು ಹಡಗಿನ ನಡುಭಾಗದಲ್ಲಿ, ಕೆಳ ಅಂತಸ್ತಿನಲ್ಲಿ ಕ್ಯಾಬಿನ್ ಕೇಳಬೇಕು. ತಕ್ಕಡಿ ದಂಡದ ನಡುವಿನಂತೆ ಅಲ್ಲಿ ಏರಿಳಿತ ಕಡಿಮೆ. ಮಾತ್ರೆಯನ್ನು ವೈದ್ಯರನ್ನು ಕೇಳಿಕೊಂಡು, ತೆರೆದ ಸಮುದ್ರಕ್ಕೆ ಬರುವ ಒಂದು ಗಂಟೆ ಮೊದಲೇ ನುಂಗಬೇಕು. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಕ್ಯಾಬಿನ್‌ನ ಗೋಡೆಗಳು ಸಾಮಾನ್ಯವಾಗಿ ಉಕ್ಕಿನವು. ಆರೇಳು ಅಯಸ್ಕಾಂತದ ಕೊಕ್ಕೆ ಒಯ್ದರೆ ಒದ್ದೆ ಜಾಕೆಟ್, ಗವಸು, ಟೋಪಿ ಎಲ್ಲ ಗೋಡೆಗೇ ತೂಗುತ್ತವೆ; ಇಷ್ಟು ಅಗ್ಗದ ವಸ್ತುವಿನಿಂದ ಇಷ್ಟು ಉಪಕಾರ ಬೇರಾವುದರಿಂದಲೂ ಇಲ್ಲ. ಇಸ್ತ್ರಿ ಪೆಟ್ಟಿಗೆ, ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್ ಒಯ್ಯಬೇಡಿ, ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ. ದೊಡ್ಡ ಪೆಟ್ಟಿಗೆ ಕ್ಯಾಬಿನ್ ತಲುಪಲು ಸಂಜೆಯಾಗಬಹುದು, ಹಾಗಾಗಿ ಔಷಧಿ ಮತ್ತು ಜಾಕೆಟ್ ಕೈಚೀಲದಲ್ಲೇ ಇರಲಿ. ಹಡಗು ಹೊರಟ ಕೂಡಲೇ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ಹಡಗಿನ ಉಪಗ್ರಹ ಜಾಲಕ್ಕೆ ತಗುಲಿ ಫೋನ್ ಬಿಲ್ ಏರುತ್ತದೆ. ಇನ್ನೊಂದು ಗೊಂದಲ ಗಡಿಯಾರದ್ದು: ಅಲಾಸ್ಕಾ ಸಮಯ ಸಿಯಾಟಲ್, ವ್ಯಾಂಕೂವರ್‌ಗಿಂತ ಒಂದು ಗಂಟೆ ಹಿಂದೆ. ಬಂದರಿನಲ್ಲಿ ಇಳಿಯುವ ಮುನ್ನ ಹಡಗಿನ ಗಡಿಯಾರ ನೋಡಿ ಕೈಗಡಿಯಾರ ಹೊಂದಿಸಿಕೊಳ್ಳಿ.

ಬಂದರುಗಳ ಬಗ್ಗೆ ಚುಟುಕಾಗಿ. ಹೆಲಿಕಾಪ್ಟರ್, ಸಣ್ಣ ವಿಮಾನದ ಸುತ್ತಾಟಗಳು ಮೋಡ ಕವಿದರೆ ರದ್ದು, ಆದ್ದರಿಂದ ಯಾನದ ಮೊದಲ ಬಂದರುಗಳಲ್ಲೇ ಹಾಕಿಕೊಂಡರೆ ಮುಂದೆ ಇನ್ನೊಂದು ಅವಕಾಶ ಉಳಿಯುತ್ತದೆ. ಜೂನೊದಲ್ಲಿ ಮೆಂಡೆನ್‌ಹಾಲ್ ಹಿಮನದಿಯ ಬಳಿ ನಗೆಟ್ ಜಲಪಾತದವರೆಗೆ ಹೋಗಿ ಬರಲು ಸುಮಾರು 3 ಕಿಲೋಮೀಟರ್ ಸಮತಟ್ಟಾದ ದಾರಿ; ವಯಸ್ಸಾದವರೂ ಆರಾಮವಾಗಿ ನಡೆಯಬಹುದು. ಸ್ಕಾಗ್ವೆಯಲ್ಲಿ 1898ರಿಂದ 1900ರವರೆಗೆ ಕಟ್ಟಿದ ವೈಟ್ ಪಾಸ್ ರೈಲು 20 ಮೈಲಿಯಲ್ಲಿ 2,865 ಅಡಿ ಏರುತ್ತದೆ. ಹತ್ತುವಾಗ ಎಡಗಡೆ ಕೂರಿ, ಕಣಿವೆ ಆ ಕಡೆ. ಈ ಬಂದರುಗಳಲ್ಲಿ ಉಬ್ಬರಕ್ಕೂ ಇಳಿತಕ್ಕೂ ನೀರಿನ ಮಟ್ಟದಲ್ಲಿ ಆರು ಮೀಟರಿನಷ್ಟು ವ್ಯತ್ಯಾಸವಾಗುವ ದಿನಗಳಿವೆ. ಹಡಗಿನಿಂದ ಬೆಳಗ್ಗೆ ಸಲೀಸಾಗಿ ಇಳಿದ ಹಲಗೆ ಮಧ್ಯಾಹ್ನ ಕಡಿದಾಗಿರುತ್ತದೆ. ಮಂಡಿ ನೋವಿನವರಿಗೆ ಈ ಮಾಹಿತಿ ಬೇಕು.

ಈಗ ಗ್ಲೇಸಿಯರ್ ಬೇ ದಿನ. ಬೆಳಗ್ಗೆ ಬಾರ್ಟ್‌ಲೆಟ್ ಕೋವ್ ಹತ್ತಿರ ಪುಟ್ಟ ದೋಣಿಯಲ್ಲಿ ಬಂದು ರಾಷ್ಟ್ರೀಯ ಉದ್ಯಾನದ ರೇಂಜರ್‌ಗಳು ಹಡಗು ಹತ್ತುತ್ತಾರೆ. ದಿನವಿಡೀ ಧ್ವನಿವರ್ಧಕದಲ್ಲಿ ವಿವರಿಸುವವರು ಅವರೇ. ನನ್ನ ದಿನ ಶುರುವಾಗುವುದು ಆ ಹೊತ್ತಿಗೆ, ಹಿಮನದಿ ಕಾಣಲು ಇನ್ನೂ ಮೂರು ಗಂಟೆ ಇರುವಾಗ. ಕಾರಣ ದಡಗಳು. 1794ರಲ್ಲಿ ಬ್ರಿಟಿಷ್ ನಾವಿಕ ಕ್ಯಾಪ್ಟನ್ ವ್ಯಾಂಕೂವರ್‌ನ ತಂಡ ಬಂದಾಗ ಈ ಕೊಲ್ಲಿಯ ಬಾಯಿಯವರೆಗೂ ಮಂಜೇ ತುಂಬಿತ್ತು. 1879ರಲ್ಲಿ ಪ್ರಕೃತಿ ಬರಹಗಾರ ಜಾನ್ ಮ್ಯೂರ್ ಬರುವಷ್ಟರಲ್ಲಿ ಅದು 40 ಮೈಲಿಗೂ ಹಿಂದೆ ಸರಿದಿತ್ತು. ಮಂಜು ಮೊದಲು ಬಿಟ್ಟುಕೊಟ್ಟ ಬಾಯಿಯ ಬಳಿ ಇಂದು ಸ್ಪ್ರೂಸ್ ಮರಗಳ ದಟ್ಟ ಕಾಡು. ಒಳಗೆ ಹೋದಂತೆ ಮರ ಕುಳ್ಳಾಗಿ ಆಲ್ಡರ್ ಪೊದೆ, ಆಮೇಲೆ ಪಾಚಿ, ಕೊನೆಗೆ ಬರೀ ಬಂಡೆ. ಇನ್ನೂರು ವರ್ಷದ ಕಾಡಿನ ಕಥೆಯನ್ನು ಕೊನೆಯ ಪುಟದಿಂದ ಮೊದಲ ಪುಟಕ್ಕೆ ಓದಿದ ಹಾಗೆ. ತಿಂಡಿಗೆ ಕೂತವರು ಇದನ್ನು ಕಳೆದುಕೊಳ್ಳುತ್ತಾರೆ. ಸೌತ್ ಮಾರ್ಬಲ್ ದ್ವೀಪದ ಬಂಡೆಗಳ ಮೇಲೆ ಕಡಲಸಿಂಹಗಳು, ಸುತ್ತ ಪಫಿನ್ ಹಕ್ಕಿಗಳು. ಗ್ಲೂಮಿ ನಾಬ್ ಎಂಬ ಬೋಳುಗುಡ್ಡದಲ್ಲಿ ಬಿಳಿ ಚುಕ್ಕೆ ಅಲುಗಿದರೆ ಅದು ಬೆಟ್ಟದ ಆಡು.

ಇದಕ್ಕೆ ಎಂಟು ಪಟ್ಟು ಹಿಗ್ಗಿಸುವ 8x42 ಬೈನಾಕ್ಯುಲರ್ ಸರಿ. 10 ಅಥವಾ 12 ಪಟ್ಟು ಹಿಗ್ಗಿಸುವುದು ಹೆಚ್ಚು ತೋರಿಸೀತು ಎನಿಸುತ್ತದೆ, ಆದರೆ ಹಡಗಿನ ಕಂಪನ, ಚಳಿಯ ಕೈನಡುಕ ಎರಡನ್ನೂ ಅದು ಅಷ್ಟೇ ಪಟ್ಟು ಹಿಗ್ಗಿಸುತ್ತದೆ. ಮನೆಗೊಂದು ಸಾಲದು, ತಲೆಗೊಂದು ಬೇಕು.

ಮಾರ್ಜರಿ ಹಿಮನದಿಯ ಮುಖ ಸುಮಾರು ಒಂದು ಮೈಲಿ ಅಗಲ, ನೀರಿನಿಂದ ಮೇಲೆ ಸುಮಾರು 250 ಅಡಿ. ಹಡಗು ಅಲ್ಲಿ ಒಂದು ಗಂಟೆಯಷ್ಟು ಹೊತ್ತು ನಿಲ್ಲುತ್ತದೆ. ಮೂತಿಯ ಡೆಕ್ ತೆರೆಯುವ ಹಡಗಾದರೆ ಮುಕ್ಕಾಲು ಗಂಟೆ ಮೊದಲೇ ಹೋಗಿ ಕಟಕಟೆ ಹಿಡಿಯಿರಿ. ತಡವಾದರೆ ಚಿಂತೆಯಿಲ್ಲ: ಅರ್ಧ ಗಂಟೆಯಲ್ಲಿ ಚಳಿ ತಡೆಯದೆ ಮುಂದಿನ ಸಾಲು ಕರಗುತ್ತದೆ. ಮುಚ್ಚಳವಿರುವ ಫ್ಲಾಸ್ಕಿನಲ್ಲಿ ಬಿಸಿ ಚಹಾ ಇಟ್ಟುಕೊಳ್ಳಿ.

ಮಂಜು ಬೀಳುವುದನ್ನು ನೋಡಲು ಕಿವಿಯನ್ನು ನಂಬಬೇಡಿ. ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡು ಹಿಡಿಯುತ್ತದೆ. ಗುಡುಗು ಕೇಳಿ ತಿರುಗುವಷ್ಟರಲ್ಲಿ ಚೂರು ನೀರಿಗೆ ಬಿದ್ದಾಗಿರುತ್ತದೆ. ಅದರ ಬದಲು ಮುಖದ ಒಂದು ಭಾಗ ಆರಿಸಿ ಕಣ್ಣು ನೆಡಿ. ಪುಡಿ ಮಂಜು ಉದುರುತ್ತಿರುವ ಜಾಗ, ಹೊಸ ಬಿರುಕಿನ ಕಂಬ, ನೀರಿನ ಮಟ್ಟದಲ್ಲಿ ಕೊರೆದು ಟೊಳ್ಳಾದ ಬುಡ, ಇವುಗಳ ಮೇಲೆ. ಗಾಢ ನೀಲಿಯ ತಾಣವಿದ್ದರೆ ಅಲ್ಲಿ ಇತ್ತೀಚೆಗೆ ಕಳಚಿದೆ ಎಂದರ್ಥ. ಭಾರದಡಿ ಗಾಳಿಗುಳ್ಳೆ ಹಿಂಡಿಹೋದ ಮಂಜು ಕೆಂಪು ಬೆಳಕನ್ನು ಹೀರಿ ನೀಲಿಯನ್ನು ಉಳಿಸುತ್ತದೆ. ಬಿಸಿಲಿಗೆ ಮೇಲ್ಮೈ ಸವೆದಂತೆ ಬಿಳಿಯಾಗುತ್ತದೆ. ಮೋಡದ ದಿನ ಈ ನೀಲಿ ಎದ್ದು ಕಾಣುವುದರಿಂದ ಬಿಸಿಲಿಲ್ಲವೆಂದು ಬೇಸರಿಸಬೇಡಿ.

ಫೋಟೊಗೆ ಶಟರ್ 1/1000 ಸೆಕೆಂಡು ಅಥವಾ ಅದಕ್ಕಿಂತ ಚುರುಕು, ಸಾಲಾಗಿ ತೆಗೆಯುವ ಮೋಡ್. ಚೌಕಟ್ಟಿನ ತುಂಬ ಬಿಳಿ ಇದ್ದರೆ ಕ್ಯಾಮೆರಾ ಮೋಸಹೋಗಿ ಮಂಜನ್ನು ಬೂದು ಮಾಡುತ್ತದೆ, ಎಕ್ಸ್‌ಪೋಷರನ್ನು 0.7ರಿಂದ 1 ಸ್ಟಾಪ್ ಹೆಚ್ಚಿಸಿ. ಚಳಿಗೆ ಬ್ಯಾಟರಿ ಬೇಗ ಕುಸಿಯುತ್ತದೆ, ಎರಡನೆಯದನ್ನು ಒಳಜೇಬಿನಲ್ಲಿ ಮೈಗೆ ತಾಗಿಸಿಡಿ. ಕುಸಿದದ್ದೂ ಬೆಚ್ಚಗಾದರೆ ಸ್ವಲ್ಪ ಜೀವ ಹಿಡಿಯುತ್ತದೆ. ಒಳಗೆ ಹೋಗುವ ಮೊದಲು, ಹೊರಗೇ, ಕ್ಯಾಮೆರಾವನ್ನು ಜಿಪ್ ಚೀಲದಲ್ಲಿ ಹಾಕಿ ಮುಚ್ಚಿ, ಅರ್ಧ ಗಂಟೆಯಾದರೂ ತೆಗೆಯಬೇಡಿ. ಹಾಗೇ ಒಯ್ದರೆ ಹಡಗಿನೊಳಗಿನ ಆರ್ದ್ರತೆ ತಣ್ಣನೆ ಲೆನ್ಸಿನ ಮೇಲೆ ಹನಿಗಟ್ಟಿ, ಮತ್ತೆ ಹೊರಗೆ ಬಂದಾಗ ಬೇಕಾದ ಹೊತ್ತಿಗೆ ಮಬ್ಬಾಗಿರುತ್ತದೆ.

ಹಡಗು ಹಿಂತಿರುಗುವಾಗ ಜನ ಊಟಕ್ಕೆ ನುಗ್ಗುತ್ತಾರೆ. ನಾನು ಹಿಂಭಾಗದ ಡೆಕ್‌ಗೆ ಹೋಗುತ್ತೇನೆ. ಹಡಗಿನ ಮೈಯೇ ಗಾಳಿಗೆ ಅಡ್ಡ, ಹಿಮನದಿ ಬಹಳ ಹೊತ್ತು ಎದುರಿಗೇ ಇರುತ್ತದೆ. ರೇಂಜರ್‌ಗಳು ಇಳಿಯುವ ಹೊತ್ತಿಗೆ ಕೊಲ್ಲಿಯ ಬಾಯಿ ಬರುತ್ತದೆ, ಅಲ್ಲಿಂದ ಐಸಿ ಸ್ಟ್ರೈಟ್. ಬೇಸಿಗೆಯಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳು ಮೇಯಲು ಬರುವ ನೀರು ಇದು. ಬೆನ್ನು ಹುಡುಕಬೇಡಿ, ಉಸಿರು ಹುಡುಕಿ: ಕಪ್ಪು ಕಾಡಿನ ಹಿನ್ನೆಲೆಯಲ್ಲಿ ಮೂರು ಮೀಟರ್ ಎತ್ತರದ ಬಿಳಿ ಹಬೆ ಬರಿಗಣ್ಣಿಗೇ ಕಾಣುತ್ತದೆ. ಮೂರ್ನಾಲ್ಕು ಸಲ ಉಸಿರಾಡಿ ಬೆನ್ನು ಎತ್ತರಕ್ಕೆ ಬಾಗಿಸಿತೆಂದರೆ ಮುಂದಿನದು ಬಾಲ. ಕ್ಯಾಮೆರಾ ಆಗಲೇ ಕಣ್ಣಿಗಿರಬೇಕು. ಬಾಲ ಮುಳುಗಿದ ಮೇಲೆ ಐದಾರು ನಿಮಿಷ ಅದು ಮೇಲೆ ಬರುವುದಿಲ್ಲ. ಆ ಬಿಡುವಿನಲ್ಲಿ ಹತ್ತಿರದ ನೀರು ನೋಡಿ. ಕಡಲಕಳೆಯ ನಡುವೆ ಅಂಗಾತ ತೇಲುತ್ತ, ಹೊಟ್ಟೆಯ ಮೇಲೆ ಚಿಪ್ಪು ಇಟ್ಟು ಒಡೆದು ತಿನ್ನುತ್ತಿರುವ ಕಡಲ ನೀರುನಾಯಿಗಳು ಅಲ್ಲಿರುತ್ತವೆ. ತುಪ್ಪಳದ ಬೇಟೆಗೆ ಸಿಕ್ಕಿ ಈ ಭಾಗದಲ್ಲಿ ಅಳಿದುಹೋಗಿದ್ದ ಇವನ್ನು 1960ರ ದಶಕದಲ್ಲಿ ಬೇರೆಡೆಯಿಂದ ತಂದು ಬಿಟ್ಟರು. ಈಗ ಕೊಲ್ಲಿಯ ಬಾಯಲ್ಲಿ ಗುಂಪು ಗುಂಪಾಗಿ ತೇಲುತ್ತಿರುತ್ತವೆ.