ಖಗ್ರಾಸ ಗ್ರಹಣ ನೋಡಲು ಹುಬ್ಬಳ್ಳಿಯಿಂದ ಮೆಕ್ಸಿಕೊಗೆ: ನನ್ನ ಅನುಭವ

"ನಾಲ್ಕು ನಿಮಿಷದ ಕತ್ತಲೆಗೆ ಮೂರೂವರೆ ಲಕ್ಷನಾ?" ಅಂತ ದುರ್ಗದ ಬೈಲಿನಲ್ಲಿ ಮಿರ್ಚಿ ತಿನ್ನುತ್ತಾ ಗೆಳೆಯರು ನಕ್ಕಿದ್ದರು. 1980ರ ಫೆಬ್ರುವರಿ 16ರಂದು ಖಗ್ರಾಸ ಗ್ರಹಣ ನಮ್ಮೂರ ಮೇಲೇ ಹಾದುಹೋಗಿತ್ತು, ಪುಕ್ಕಟೆ. ಆಗ ನಮ್ಮ ಮನೆಯವರೆಲ್ಲ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದರಂತೆ. ಇನ್ನು ಭಾರತಕ್ಕೆ ಬರೋದು 2034ರ ಮಾರ್ಚ್‌ನಲ್ಲಿ, ಅದೂ ಕಾರ್ಗಿಲ್ ಕಡೆ. ಕಾಯೋ ತಾಳ್ಮೆ ನನಗಿಲ್ಲ.

2020ರ ಡಿಸೆಂಬರ್‌ನ ಚಿಲಿ ಗ್ರಹಣಕ್ಕೆ ಒಬ್ಬ ಟೂರಿನವರಿಗೆ ಐವತ್ತು ಸಾವಿರ ಮುಂಗಡ ಕೊಟ್ಟಿದ್ದೆ. ಕೊರೊನಾ ಬಂತು, ಟೂರು ಹೋಯಿತು. ಫೋನ್ ಮಾಡಿ ಮಾಡಿ ಸಾಕಾಗಿ ಅರ್ಧ ರೊಕ್ಕ ವಾಪಸ್ ಬಂತು. ಇನ್ನರ್ಧದ ಬದಲು ಕೂಪನ್ ಕೊಟ್ಟರು, ಅದು ಈಗಲೂ ಈಮೇಲ್‌ನಲ್ಲೇ ಇದೆ.

2024ರ ಏಪ್ರಿಲ್ 8ಕ್ಕೆ ಬೇರೆ ದಾರಿ ಹಿಡಿದೆ. ಅಮೆರಿಕದ ವೀಸಾ ಸಂದರ್ಶನಕ್ಕೆ ಗ್ರಹಣ ಮುಗಿದ ಮೇಲಿನ ತಾರೀಖು ತೋರಿಸುತ್ತಿತ್ತು, ಅದನ್ನು ಬಿಟ್ಟೆ. ಗ್ರಹಣದ ದಾರಿಯಲ್ಲಿ ಏಪ್ರಿಲ್‌ನಲ್ಲಿ ಮೋಡ ಕಡಿಮೆ ಇರೋದು ಹೇಗೂ ಉತ್ತರ ಮೆಕ್ಸಿಕೊದಲ್ಲೇ. ಭಾರತದಿಂದಲೇ ಕರೆದೊಯ್ಯುವವರು ಐದು ಲಕ್ಷದ ಮೇಲೆ ಹೇಳಿದರು. ನಾನು ಮೆಕ್ಸಿಕೊದ ಕರಾವಳಿ ಊರಾದ ಮಜಾಟ್ಲಾನ್‌ನಲ್ಲೇ ಸೇರಿಕೊಳ್ಳುವ ಗುಂಪು ಹುಡುಕಿದೆ. ಹೋಟೆಲ್, ಬಸ್ಸು, ನೋಡುವ ಜಾಗ, ಗೈಡ್ ಅಷ್ಟೇ ಅವರದು. ಅದಕ್ಕೆ ಒಂದು ಲಕ್ಷ ಅರವತ್ತೈದು ಸಾವಿರ. ರಾತ್ರಿ ಬಸ್ಸಿಗೆ ಮುಂಬೈ, ಅಲ್ಲಿಂದ ಇಸ್ತಾಂಬುಲ್ ಮೇಲೆ ಮೆಕ್ಸಿಕೊ ಸಿಟಿ, ಒಂದು ಲಕ್ಷ ಇಪ್ಪತ್ತು ಸಾವಿರದ ಆಸುಪಾಸು. ಗ್ರಹಣದ ವಾರ ಅಂತ ಒಳಗಿನ ವಿಮಾನಕ್ಕೇ ಇಪ್ಪತ್ತು ಸಾವಿರ ಕಿತ್ತರು. ವೀಸಾ, ವಿಮೆ, ಊಟ ಎಲ್ಲ ಸೇರಿ ಮೂರೂವರೆ ಲಕ್ಷದೊಳಗೆ ಮುಗಿಯಿತು. ಬಹುಪಾಲು ರೊಕ್ಕ ಬಂದದ್ದು ಚೀಟಿಯಿಂದ. ಒಬ್ಬನೇ ಹೋದರೆ ಕೊಠಡಿಗೆ ಜಾಸ್ತಿ ಕೇಳುತ್ತಾರಲ್ವಾ, ಅದನ್ನು ತಪ್ಪಿಸಿಕೊಂಡೆ. ಹೇಗೆ ಅಂತ ಸದ್ಯಕ್ಕೆ ಹೇಳಲ್ಲ.

ಕ್ಯಾಮೆರಾ ತಾಲೀಮು ಉಣಕಲ್ ಕೆರೆ ದಂಡೆಯಲ್ಲಿ, ಹುಣ್ಣಿಮೆ ರಾತ್ರಿಗಳಲ್ಲಿ. ಕರೋನಾದ, ಅಂದರೆ ಪೂರ್ತಿ ಗ್ರಹಣದಲ್ಲಿ ಸೂರ್ಯನ ಸುತ್ತ ಕಾಣುವ ಬಿಳಿ ಪ್ರಭೆಯ, ಒಟ್ಟು ಬೆಳಕು ಹೆಚ್ಚುಕಡಿಮೆ ಹುಣ್ಣಿಮೆ ಚಂದ್ರನಷ್ಟೇ, ಹಾಗಾಗಿ ಎಕ್ಸ್‌ಪೋಷರ್ ಅಂದಾಜು ಸಿಗುತ್ತದೆ. ಫೋಕಸ್ ರಿಂಗ್‌ಗೆ ಟೇಪ್ ಸುತ್ತುವುದು, ಲೆನ್ಸ್ ಅಲುಗಾಡದ ಹಾಗೆ ಸೂರ್ಯನ ಬೆಳಕು ತಡೆಯುವ ಫಿಲ್ಟರ್ ಎತ್ತುವುದು ಕೈಗೆ ಅಭ್ಯಾಸ ಆಗುವವರೆಗೂ ಮಾಡಿದೆ. ವಾಕಿಂಗ್ ಬಂದವರು ನಿಂತು ನೋಡುತ್ತಿದ್ದರು.

ಆವತ್ತು ಬೆಳಗ್ಗೆಯೇ ಆಕಾಶದ ತುಂಬ ತೆಳು ಮೋಡ. ಗೈಡ್ ಮುಖ ಸಣ್ಣಗಾಗಿತ್ತು. ಗುಂಪಿನಲ್ಲಿ ಅರ್ಧ ಜನ ಬಸ್ ಹತ್ತಿ ಒಳನಾಡಿನ ದುರಾಂಗೊ ಊರಿನ ಕಡೆ ಹೋಗೋಣ ಅಂತ ಗಲಾಟೆ. ಇದು ಸೂರ್ಯನನ್ನು ಮುಚ್ಚುವ ಮೋಡ ಅಲ್ಲ, ಗುಡ್ಡದ ರಸ್ತೆಯಲ್ಲಿ ಸಿಕ್ಕಿಕೊಂಡರೆ ಅದೂ ಇಲ್ಲ ಇದೂ ಇಲ್ಲ ಅಂತ ನಾನು ವಾದಿಸಿದೆ. ಉಳಿದೆವು.

ಮನೆಯಿಂದ ಬೂಂದಿ ಕರಿಯುವ ತೂತಿನ ಜಾರಿ ಒಯ್ದಿದ್ದೆ. ಅರ್ಧಂಬರ್ಧ ಗ್ರಹಣದಲ್ಲಿ ಅದರ ನೆರಳು ಹಿಡಿದರೆ ನೆಲದ ಮೇಲೆ ನೂರಾರು ಪುಟಾಣಿ ಸೂರ್ಯರು, ಎಲ್ಲವೂ ಕುಡುಗೋಲಿನ ಹಾಗೆ ಬಾಗಿದ್ದವು. ಲಕ್ಷಗಟ್ಟಲೆ ಸಾಮಾನು ಹೊತ್ತು ತಂದವರೂ ಅದರ ಫೋಟೊ ತೆಗೆದುಕೊಂಡರು. ಪೂರ್ತಿ ಹಿಡಿಯುವ ಹೊತ್ತಿಗೆ ಕೆಲವೊಮ್ಮೆ ನೆಲದ ಮೇಲೆ ಓಡುವ ನೆರಳಿನ ಅಲೆ ಕಾಣುತ್ತಾ ನೋಡೋಣ ಅಂತ ಬಿಳಿ ಪಂಚೆಯನ್ನೂ ಹಾಸಿದ್ದೆ. ಏನೂ ಕಾಣಲಿಲ್ಲ.

ಅಲ್ಲಿನ ಸಮಯ 11 ಗಂಟೆ 7 ನಿಮಿಷಕ್ಕೆ ಪೂರ್ತಿ ಹಿಡಿಯಿತು. ಕಪ್ಪು ಬಿಲ್ಲೆಯ ಸುತ್ತ ಎಲ್ಲ ಕಡೆಗೂ ಚಾಚಿದ ಬಿಳಿ ಎಳೆಗಳು. ಕೆಳಗಿನ ಅಂಚಿನಲ್ಲಿ ಬರಿಗಣ್ಣಿಗೇ ಕಾಣುವ ಗುಲಾಬಿ ಚುಕ್ಕೆ, ಸೂರ್ಯನ ಅಂಚಿನಿಂದ ಚಾಚಿದ ಬಿಸಿ ಅನಿಲ ಅದು. ಪಕ್ಕದಲ್ಲಿ ಶುಕ್ರ ಫಳಫಳ. ನಾಲ್ಕು ನಿಮಿಷದ ಮೇಲೆ ಚಿಲ್ಲರೆ ಸೆಕೆಂಡು ಸಿಕ್ಕಿತು. ಅದರಲ್ಲಿ ಮೊದಲ ನಿಮಿಷ ಮಾತ್ರ ಕ್ಯಾಮೆರಾಕ್ಕೆ, ಉಳಿದದ್ದು ಕಣ್ಣಿಗೆ ಅಂತ ಮೊದಲೇ ಲೆಕ್ಕ ಹಾಕಿದ್ದೆ. ಮೋಡದಿಂದಾಗಿ ಉದ್ದನೆಯ ಎಕ್ಸ್‌ಪೋಷರ್‌ಗಳೆಲ್ಲ ಬೆಳ್ಳಗಾಗಿ ಹೋದವು. ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ತೆಗೆದವು ಮಾತ್ರ ಚೂಪಾಗಿ ಬಂದಿವೆ. ನನ್ನದು ಹಳೆಯ 70-300 ಲೆನ್ಸು. ಪಕ್ಕದವರ 600 ಎಂಎಂಗಿಂತ ನನ್ನ ಗುಲಾಬಿ ಚುಕ್ಕೆಯೇ ಚೆನ್ನಾಗಿದೆ, ಅವರೇ ಒಪ್ಪಿಕೊಂಡರು.

ನಾನು ಹೋಗಬೇಕೆಂದಿರುವ ಮುಂದಿನದು 2027ರ ಆಗಸ್ಟ್ 2, ಈಜಿಪ್ಟಿನ ಲಕ್ಸರ್. ಆರು ನಿಮಿಷಕ್ಕೂ ಜಾಸ್ತಿ, ಮೋಡದ ಭಯವೇ ಇಲ್ಲ, ಬಿಸಿಲು ಮಾತ್ರ ನಲವತ್ತರ ಮೇಲೆ. ಹೋಟೆಲ್ ದರ ಆಗಲೇ ಏರಿದೆ. ಚೀಟಿ ಮತ್ತೆ ಶುರು ಮಾಡಿದ್ದೇನೆ, ನಕ್ಕವರಲ್ಲಿ ಇಬ್ಬರು ಈ ಸಲ ಅದೇ ಚೀಟಿಗೆ ಸೇರಿದ್ದಾರೆ. ಕೊಠಡಿ ಗುಟ್ಟನ್ನು ಅವರಿಗೂ ಹೇಳಿಲ್ಲ.