ಶಂಖದೊಳಗಿನ ಸಂಸಾರ: ಎರಡಡಿ ತೊಟ್ಟಿಯಲ್ಲಿ ಮಲ್ಟಿ ಮೀನು ಸಾಕಿದ ನನ್ನ ಅನುಭವ

ಅಕ್ವೇರಿಯಂ ಕೊಳ್ಳುವವರು ಮೊದಲು ಕೇಳುವುದು ಎಷ್ಟು ಲೀಟರ್ ಹಿಡಿಯುತ್ತದೆ, ಎಷ್ಟು ಎತ್ತರ ಎಂದು. ಶಂಖದಲ್ಲಿ ಬದುಕುವ ಸಿಕ್ಲಿಡ್ ಮೀನುಗಳಿಗೆ ಎತ್ತರದಿಂದ ಹೆಚ್ಚೇನೂ ಉಪಯೋಗವಿಲ್ಲ. ಅವುಗಳ ಊಟ, ಜಗಳ, ಬಾಣಂತನ ಎಲ್ಲವೂ ತಳದಿಂದ ಒಂದು ಗೇಣಿನೊಳಗೇ ಮುಗಿಯುತ್ತದೆ. ಹಾಗಾಗಿ ಬೆಂಗಳೂರಿನ ನಮ್ಮ ಮನೆಯಲ್ಲಿ ಇವಕ್ಕೆಂದು ತೊಟ್ಟಿ ಸಿದ್ಧಮಾಡಿದಾಗ ನಾನು ಮರಳಿನಿಂದ ಶುರುಮಾಡಿದೆ. ಫಿಲ್ಟರ್, ದೀಪ, ಅಲಂಕಾರದ ಯೋಚನೆ ಆಮೇಲೆ.

ನಾನು ಸಾಕಿರುವುದು ನಿಯೋಲ್ಯಾಂಪ್ರೊಲೋಗಸ್ ಮಲ್ಟಿಫ್ಯಾಸಿಯೇಟಸ್. ಹವ್ಯಾಸಿಗಳ ಬಾಯಲ್ಲಿ ಬರೀ ‘ಮಲ್ಟಿ’. ಗಂಡು 5 ಸೆಂಟಿಮೀಟರ್ ಮುಟ್ಟುವುದೇ ಕಷ್ಟ, ಹೆಣ್ಣು ಇನ್ನೂ ಚಿಕ್ಕದು; ಸಿಕ್ಲಿಡ್ ಕುಲದಲ್ಲೇ ಅತಿ ಸಣ್ಣ ಮೀನುಗಳ ಸಾಲಿನದು. ಇದರ ತವರು ಆಫ್ರಿಕಾದ ಟ್ಯಾಂಗನಿಕಾ ಸರೋವರ. ತಾಂಜಾನಿಯಾ, ಕಾಂಗೊ, ಬುರುಂಡಿ, ಜಾಂಬಿಯಾ ನಾಲ್ಕೂ ದೇಶಗಳು ಅದರ ದಡ ಹಂಚಿಕೊಂಡಿವೆ. ಸುಮಾರು 1470 ಮೀಟರ್ ಆಳದ ಆ ಸರೋವರಕ್ಕಿಂತ ಆಳವಾದದ್ದು ಜಗತ್ತಿನಲ್ಲಿ ಬೈಕಲ್ ಒಂದೇ. ಅಲ್ಲಿ ನಿಯೋಥೌಮಾ ಎಂಬ ಬಸವನಹುಳು ಇದೆ, ಬೇರೆಲ್ಲೂ ಇಲ್ಲ. ಹುಳು ಸತ್ತರೂ ನೀರಿನಲ್ಲಿ ಸುಣ್ಣದ ಅಂಶ ಸಮೃದ್ಧವಾಗಿರುವುದರಿಂದ ಚಿಪ್ಪು ಕರಗುವುದಿಲ್ಲ. ಶತಮಾನಗಳಿಂದ ಬಿದ್ದ ಚಿಪ್ಪುಗಳು ತಳದಲ್ಲಿ ಹಾಸಿನ ಹಾಗೆ ಹರಡಿಕೊಂಡಿವೆ. ಬಂಡೆಯ ಆಸರೆಯಿಲ್ಲದ ಆ ಬಯಲಿನಲ್ಲಿ ಈ ಪುಟ್ಟ ಮೀನಿಗೆ ಚಿಪ್ಪೇ ಮನೆ, ಚಿಪ್ಪೇ ಕೋಟೆ.

ತೊಟ್ಟಿ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ್ದು. ಲೆಕ್ಕಕ್ಕೆ 56 ಲೀಟರ್. ಒಂದು ಕುಟುಂಬಕ್ಕೆ ಇಷ್ಟು ಸಾಕು. ಅದೇ ಹಣಕ್ಕೆ ಎತ್ತರದ ತೊಟ್ಟಿ ಸಿಕ್ಕಿದರೂ ತಳ ಅಗಲವಾಗಿರುವುದನ್ನೇ ಆರಿಸಿ.

ಮರಳಿನ ವಿಷಯದಲ್ಲಿ ನನ್ನದು ಸ್ವಲ್ಪ ಹಟ. ಮಲ್ಟಿ ದಿನವಿಡೀ ಬಾಯಿ ತುಂಬ ಮರಳು ಹೊತ್ತು ಪಕ್ಕಕ್ಕೆ ಉಗುಳುತ್ತದೆ. ಈಗ ಎಲ್ಲೆಡೆ ಸಿಗುವ ಎಂ-ಸ್ಯಾಂಡ್ ಕಲ್ಲನ್ನು ಪುಡಿಮಾಡಿದ್ದು, ಅದರ ಕಣಗಳ ಅಂಚು ಚೂಪು. ಬಾಯಿ, ಕಿವಿರು ಗೀರಿಹೋಗುತ್ತದೆ. ಅದು ಬೇಡವೇ ಬೇಡ. ನೀರಲ್ಲಿ ಉರುಳಿ ನುಣುಪಾದ ಸಣ್ಣ ಮರಳು ಬೇಕು. ನಾನು ಹಳೇ ದಾಸ್ತಾನಿನ ಹೊಳೆಮರಳನ್ನು ಸೊಳ್ಳೆಪರದೆಯ ಜಾಲರಿಯಲ್ಲಿ ಜರಡಿ ಹಿಡಿದು, ಬಕೆಟ್‌ನಲ್ಲಿ ನೀರು ತಿಳಿಯಾಗುವವರೆಗೂ ತೊಳೆದೆ. ಈ ತೊಳೆಯುವುದಕ್ಕೆ ತಾಳ್ಮೆ ಬೇಕು, ಅರ್ಧಕ್ಕೆ ಬಿಟ್ಟರೆ ತೊಟ್ಟಿಯ ನೀರು ವಾರಗಟ್ಟಲೆ ಕದಡಿರುತ್ತದೆ. ಎರಡು ಇಂಚಿನ ಹಾಸಿಗೆ ಸುಮಾರು 15 ಕೆಜಿ ಮರಳು ಹಿಡಿಯಿತು. ಅದಕ್ಕಿಂತ ತೆಳುವಾಗಿ ಹಾಕಿದರೆ ಮೀನು ಅಗೆದು ಗಾಜು ಮುಟ್ಟಿ ನಿಂತುಬಿಡುತ್ತದೆ. ಅಗೆಯುವುದೇ ಅದರ ಬದುಕು. ಅಲ್ಲಿ ಜಿಪುಣತನ ಮಾಡಬಾರದು.

ಇನ್ನು ಶಂಖ. ನಿಯೋಥೌಮಾ ಚಿಪ್ಪು ನಮ್ಮಲ್ಲಿ ಸಿಗುವುದು ದುರ್ಲಭ, ಸಿಕ್ಕರೂ ದುಬಾರಿ. ಆದರೆ ನಮ್ಮ ಗದ್ದೆ, ಕೆರೆಗಳಲ್ಲಿರುವ ಪೈಲಾ ಬಸವನಹುಳು, ಕರಾವಳಿಯವರು ನರ್ತೆ ಅನ್ನುವುದು, ಇದರ ಚಿಪ್ಪು ಆ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅಂಚಿನಲ್ಲಿ ಬಿಳಿಚಿಕೊಂಡು ಬಿದ್ದ ಖಾಲಿ ಚಿಪ್ಪುಗಳನ್ನಷ್ಟೇ ಆರಿಸಿಕೊಳ್ಳಿ, ಜೀವಂತ ಹುಳುವನ್ನು ಇದಕ್ಕಾಗಿ ಕೊಲ್ಲಬೇಡಿ. ಔಷಧಿ ಹೊಡೆದ ಗದ್ದೆಯ ಚಿಪ್ಪನ್ನು ನಾನು ಮುಟ್ಟುವುದಿಲ್ಲ. 3ರಿಂದ 4.5 ಸೆಂಟಿಮೀಟರ್ ಗಾತ್ರದವನ್ನು ಆರಿಸಿ ಚೆನ್ನಾಗಿ ಕುದಿಸಿದೆ, ಒಳಗೆ ಅಂಟಿದ್ದನ್ನು ನೀರಿನ ರಭಸದಲ್ಲಿ ತೆಗೆದೆ, ಮತ್ತೆ ಕೆಲವು ದಿನ ನೆನೆಹಾಕಿ ನೀರು ಬದಲಿಸಿದೆ. ವಾಸನೆ ಪೂರ್ತಿ ಹೋಗಬೇಕು. ಅಲಂಕಾರದ ಅಂಗಡಿಯ ಹೊಳಪು ಹಚ್ಚಿದ ಕಡಲ ಶಂಖಗಳು ಬೇಡ; ಬಣ್ಣ ಬಿಡುವುದಲ್ಲದೆ, ಕೆಲವುಗಳ ಸುರುಳಿ ಇಕ್ಕಟ್ಟಾಗಿ ಮೀನು ಸಿಕ್ಕಿಹಾಕಿಕೊಳ್ಳುವ ಅಪಾಯವಿದೆ. ಚಿಪ್ಪನ್ನು ನೀರಿಗಿಳಿಸುವಾಗ ಸುರುಳಿಯ ದಿಕ್ಕಿನಲ್ಲಿ ತಿರುಗಿಸಿ ಒಳಗಿನ ಗಾಳಿಯನ್ನು ಹೊರಬಿಡಿ, ಇಲ್ಲದಿದ್ದರೆ ತೇಲುತ್ತದೆ.

ಒಂದು ಮೀನಿಗೆ ಮೂರು ನಾಲ್ಕು ಚಿಪ್ಪಾದರೂ ಇರಲಿ. ಒಂದಕ್ಕೊಂದು ತಾಗುವಂತೆ ಒತ್ತೊತ್ತಾಗಿ, ಬಾಯಿ ಮೇಲಾಗಿ ಹರಡಿದೆ. ಬೇಗ ಮರೆತುಬಿಡಬಹುದಾದ ಕೆಲಸವಿದು, ಯಾಕೆಂದರೆ ನಾವು ಜೋಡಿಸಿದ್ದು ಹಾಗೇ ಉಳಿಯುವುದಿಲ್ಲ. ಯಾವುದನ್ನು ಹೂಳಬೇಕು, ಯಾವುದರ ಬಾಯಿ ಬಿಡಿಸಬೇಕು ಎನ್ನುವುದು ಮೀನಿನ ತೀರ್ಮಾನ. ಕೈಹಾಕಿ ಸರಿಪಡಿಸಲು ಹೋಗಬೇಡಿ.

ನೀರಿನ ವಿಚಾರಕ್ಕೆ ಬಂದರೆ, ಟ್ಯಾಂಗನಿಕಾದ ನೀರಿನ ಪಿಎಚ್ (ನೀರು ಆಮ್ಲವೋ ಕ್ಷಾರವೋ ಎಂದು ಹೇಳುವ ಅಳತೆ, 7ರ ಮೇಲಿದ್ದರೆ ಕ್ಷಾರ) ಸುಮಾರು 9ರ ಆಸುಪಾಸು. ತೊಟ್ಟಿಗಳಲ್ಲೇ ತಲೆಮಾರುಗಳಿಂದ ಬೆಳೆದ ಮಲ್ಟಿಗಳಿಗೆ 8ರ ಮೇಲೆ ಸ್ಥಿರವಾಗಿದ್ದರೆ ಸಾಕು. ಬೆಂಗಳೂರಿನ ಬೋರ್‌ವೆಲ್ ನೀರಿನ ಗಡಸು ಬೇರೆ ಮೀನು ಸಾಕುವವರಿಗೆ ತಲೆನೋವು, ನಮಗೆ ವರ. ಒಂದು ಸೂಕ್ಷ್ಮವಿದೆ: ಈಗಷ್ಟೇ ಮೇಲೆತ್ತಿದ ಬೋರ್ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುವುದರಿಂದ ಪಿಎಚ್ ಕಡಿಮೆ ತೋರುತ್ತದೆ. ರಾತ್ರಿಯಿಡೀ ಏರ್‌ಪಂಪ್ ಹಾಕಿಟ್ಟು ಬೆಳಿಗ್ಗೆ ಅಳೆದರೆ ನಿಜವಾದ ಅಂಕಿ ಸಿಗುತ್ತದೆ. ಕಾವೇರಿ ನೀರು ಬಳಸುವವರು ಮೊದಲು ಕ್ಲೋರಿನ್ ತೆಗೆಯಬೇಕು, ಆಮೇಲೆ ಕ್ಷಾರ ಸೇರಿಸಬೇಕು. ಅದಕ್ಕೆ ಅಡುಗೆಸೋಡ ಸಾಕು: 50 ಲೀಟರಿಗೆ ಒಂದೂವರೆ ಗ್ರಾಂ ಹಾಕಿದರೆ ಕಾರ್ಬೊನೇಟ್ ಗಡಸು, ಅಂದರೆ ಪಿಎಚ್ ಅನ್ನು ಸ್ಥಿರವಾಗಿಡುವ ಅಂಶ, ಸುಮಾರು ಒಂದು ಜರ್ಮನ್ ಡಿಗ್ರಿ (ಗಡಸು ಅಳೆಯುವ ಮಾನ) ಏರುತ್ತದೆ. ಕೆಲವು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಏರಿಸಿ, ನೀರು ಬದಲಿಸುವಾಗ ಹೊಸ ನೀರಿಗೂ ಅಷ್ಟೇ ಪ್ರಮಾಣದಲ್ಲಿ ಬೆರೆಸಿ. ಜೊತೆಗೆ ತೊಳೆದು ಜಜ್ಜಿದ ಮರುವಾಯಿ ಚಿಪ್ಪನ್ನು ಬಟ್ಟೆಚೀಲದಲ್ಲಿ ಕಟ್ಟಿ ಫಿಲ್ಟರ್ ಬಳಿ ಇಟ್ಟಿದ್ದೇನೆ. ಸುಣ್ಣ ನಿಧಾನಕ್ಕೆ ಕರಗಿ ಪಿಎಚ್ ಕುಸಿಯದಂತೆ ತಡೆಯುತ್ತದೆ.

ಪಿಎಚ್ ಹೆಚ್ಚಿರುವ ತೊಟ್ಟಿಗೆ ಮೀನಿನ ಕಸದಿಂದ ಹುಟ್ಟುವ ಅಮೋನಿಯಾದ ಅಪಾಯವೂ ಹೆಚ್ಚು. 25 ಡಿಗ್ರಿ ಶಾಖದಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷದ ರೂಪದ್ದು ಶೇ 1ಕ್ಕಿಂತ ಕಡಿಮೆ, 8.5ಕ್ಕೆ ಬಂದರೆ ಶೇ 15ರಷ್ಟು. ಆದ್ದರಿಂದ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾ ನೆಲೆಗೊಳ್ಳುವ ಮೊದಲು ಮೀನು ಬಿಡುವ ಮಾತೇ ಇಲ್ಲ. ಮೀನಿಲ್ಲದ ತೊಟ್ಟಿಗೆ ಅಮೋನಿಯಂ ಕ್ಲೋರೈಡ್ ಹಾಕುತ್ತಾ, ಹಾಕಿದ ಅಮೋನಿಯಾ ಮತ್ತು ಅದರಿಂದಾದ ನೈಟ್ರೈಟ್ ಎರಡೂ ಒಂದು ದಿನದೊಳಗೆ ಸೊನ್ನೆಗೆ ಇಳಿಯುವವರೆಗೆ ಕಾದೆ. ಸಾಮಾನ್ಯವಾಗಿ ಇದಕ್ಕೆ 4ರಿಂದ 6 ವಾರ ಹಿಡಿಯುತ್ತದೆ. ಫಿಲ್ಟರ್ ಬರೀ ಸ್ಪಾಂಜಿನದು: ಮರಿಗಳನ್ನು ಎಳೆದುಕೊಳ್ಳುವುದಿಲ್ಲ, ಮರಳು ಹೊಕ್ಕು ಕೆಡುವ ಮೋಟಾರೂ ಇಲ್ಲ. ಡಿಸೆಂಬರ್, ಜನವರಿಯ ಚಳಿಗೆ 50 ವಾಟ್ ಹೀಟರ್ ಇದೆ, 25ಕ್ಕೆ ನಿಲ್ಲಿಸಿದ್ದೇನೆ.

ಮೀನು ಕೊಳ್ಳುವಾಗ ದೊಡ್ಡ ಜೋಡಿಗಿಂತ ಆರೆಂಟು ಎಳೆಯ ಮೀನುಗಳ ಗುಂಪು ಒಳ್ಳೆಯದು. ಎಳೆಯದರಲ್ಲಿ ಗಂಡು ಹೆಣ್ಣು ತಿಳಿಯುವುದಿಲ್ಲ, ಬೆಳೆಯುತ್ತಾ ಅವೇ ಸಂಸಾರ ಕಟ್ಟಿಕೊಳ್ಳುತ್ತವೆ. ಸಿಮಿಲಿಸ್ ಎಂಬ ತಮ್ಮನಂಥ ಮೀನು ಇದೇ ಹೆಸರಲ್ಲಿ ಬರುವುದುಂಟು. ಅದರ ಪಟ್ಟೆಗಳು ತಲೆಯವರೆಗೂ ಹೋಗುತ್ತವೆ, ಮಲ್ಟಿಯ ತಲೆಯ ಮೇಲೆ ಪಟ್ಟೆ ಇರುವುದಿಲ್ಲ. ಎರಡೂ ಸಾಕಲು ಚೆಂದವೇ, ಒಂದೇ ತೊಟ್ಟಿಯಲ್ಲಿ ಬೆರೆಸಬೇಡಿ. ಬೇರೂರಿನಿಂದ ಚೀಲದಲ್ಲಿ ಬಂದ ಮೀನಿಗೆ ಗಂಟೆಗಟ್ಟಲೆ ಹನಿಹನಿಯಾಗಿ ನೀರು ಬೆರೆಸುವುದು ಒಳ್ಳೆಯದಲ್ಲ. ಮುಚ್ಚಿದ ಚೀಲದಲ್ಲಿ ಪಿಎಚ್ ಇಳಿದು ಅಮೋನಿಯಾ ಸುಮ್ಮನಿರುತ್ತದೆ. ಚೀಲ ಬಿಚ್ಚಿ ನಮ್ಮ ಕ್ಷಾರದ ನೀರು ಸೇರಿಸಿದೊಡನೆ ಅದು ವಿಷವಾಗುತ್ತದೆ. ಮಾರುವವರ ನೀರಿನ ಗಡಸನ್ನು ಮೊದಲೇ ಕೇಳಿಕೊಂಡು, ನಮ್ಮ ತೊಟ್ಟಿಯನ್ನು ಅದರ ಹತ್ತಿರಕ್ಕೆ ತಂದಿಟ್ಟು, ಶಾಖ ಸರಿಹೊಂದಿದ ಕೂಡಲೇ ಮೀನನ್ನು ಮಾತ್ರ ಬಿಡುವುದು ನನ್ನ ಕ್ರಮ.

ಮೊದಲ ದಿನಗಳಲ್ಲಿ ತೊಟ್ಟಿ ಖಾಲಿ ಇದ್ದಂತೆ ಕಾಣುತ್ತದೆ. ನಂತರ ಒಂದೊಂದೇ ಚಿಪ್ಪಿನ ಬಾಯಲ್ಲಿ ನೀಲಿ ಹೊಳಪಿನ ಕಣ್ಣು ಮೂಡುತ್ತವೆ. ಮರಳಿನ ಹೊಂಡ, ಅದರ ಅಂಚಿಗೆ ದಿಬ್ಬ, ಇಬ್ಬರ ಗಡಿ ಸೇರುವಲ್ಲಿ ಬಾಯಿಗೆ ಬಾಯಿ ಕೊಟ್ಟು ತಳ್ಳಾಟ. ಹೆಣ್ಣುಗಳು ಕಿತ್ತಾಡಿದರೆ ದೊಡ್ಡ ಗಂಡು ನಡುವೆ ನುಗ್ಗಿ ಬಿಡಿಸುವುದನ್ನು ನೋಡಿ ನಾನು ಬೆರಗಾಗಿದ್ದೇನೆ. ಸಂಶೋಧಕರೂ ಇದನ್ನು ದಾಖಲಿಸಿದ್ದಾರೆ. ಸರೋವರದಲ್ಲಿ ಬೆಳೆದ ಹೆಣ್ಣುಮಕ್ಕಳು ಹೆಚ್ಚಾಗಿ ಬೇರೆ ಗುಂಪು ಸೇರುತ್ತವೆ, ಗಂಡುಮಕ್ಕಳು ಹುಟ್ಟಿದಲ್ಲೇ ಉಳಿಯುತ್ತವೆ.

ಮೊಟ್ಟೆ ಇಡುವುದು ಚಿಪ್ಪಿನ ಒಳಗೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ. ಸುಮಾರು ಒಂದೂವರೆ ವಾರದಲ್ಲಿ ಮರಳಿನ ಮೇಲೆ ಕೂದಲೆಳೆಯಂಥ ಮರಿಗಳು ಕುಪ್ಪಳಿಸುವಾಗಲೇ ಗೊತ್ತಾಗುವುದು. ಮರಿಗಳನ್ನು ಬೇರ್ಪಡಿಸಬೇಕಾಗಿಲ್ಲ. ಹಿಂದಿನ ಸೂಲಿನವು ಅಲ್ಲೇ ಓಡಾಡಿಕೊಂಡಿರುವಾಗಲೇ ಹೊಸ ಮರಿ ಬರುತ್ತವೆ. ಅವಕ್ಕೆ ಆರ್ಟೀಮಿಯಾ ಎಂಬ ಸೂಕ್ಷ್ಮ ಉಪ್ಪುನೀರಿನ ಸಿಗಡಿಯ ಮೊಟ್ಟೆಯನ್ನು ಲೀಟರಿಗೆ 25 ಗ್ರಾಂ ಕಲ್ಲುಪ್ಪು ಹಾಕಿದ ನೀರಿನಲ್ಲಿ, ಏರ್‌ಪಂಪ್‌ನಿಂದ ಗಾಳಿ ಹಾಯಿಸಿ ಒಡೆಸಿ ಕೊಡುತ್ತೇನೆ. ಒಂದು ದಿನ, ಒಂದೂವರೆ ದಿನದಲ್ಲಿ ಸಿದ್ಧ. ದೊಡ್ಡವಕ್ಕೆ ನುಣ್ಣಗೆ ಪುಡಿಮಾಡಿದ ಒಣ ಆಹಾರ, ಜೊತೆಗೆ ಡಾಫ್ನಿಯಾ ಎಂಬ ಪುಟ್ಟ ನೀರುಜೀವಿ. ಚರಂಡಿಯಿಂದ ಬರುವ ಟ್ಯೂಬಿಫೆಕ್ಸ್ ಹುಳುವನ್ನು ನಾನು ಹಾಕುವುದಿಲ್ಲ.

ಒಂದೆರಡು ವರ್ಷದಲ್ಲಿ ತೊಟ್ಟಿ ತುಂಬುತ್ತದೆ, ಆಗ ಹಂಚಲೇಬೇಕು. ಬಲೆ ಹಿಡಿದು ಅಟ್ಟಿದರೆ ಎಲ್ಲವೂ ಚಿಪ್ಪು ಸೇರಿ ಕೂರುತ್ತವೆ. ಅದಕ್ಕೇ ಮೀನು ಒಳಗಿರುವ ಚಿಪ್ಪನ್ನು ನೀರಿನೊಳಗೇ ಡಬ್ಬಿಗೆ ತುಂಬಿಸಿ ಎತ್ತಿ, ತೊಟ್ಟಿಯದೇ ನೀರಿರುವ ಬಕೆಟ್‌ನಲ್ಲಿ ದಾರ ಕಟ್ಟಿ ಬಾಯಿ ಕೆಳಗಾಗಿ ತೂಗುಬಿಡುತ್ತೇನೆ. ಅಲುಗಾಡಿಸದೆ ಬಿಟ್ಟರೆ ಅದಾಗಿಯೇ ಹೊರಗಿಳಿದು ತಳ ಸೇರುತ್ತದೆ. ಕೊಂಡೊಯ್ಯುವವರಿಗೆ ಮೀನಿನ ಜೊತೆ ಅದೇ ಗುಂಪಿನ ಹತ್ತಾರು ಹಳೇ ಚಿಪ್ಪು, ಒಂದು ಹಿಡಿ ಮರಳು, ನನ್ನ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾ ನೆಲೆಗೊಂಡು ಹಣ್ಣಾದ ಒಂದು ಫಿಲ್ಟರ್ ಸ್ಪಾಂಜು ಕಟ್ಟಿಕೊಡುತ್ತೇನೆ.