ಶುಕ್ರವಾರ ಸಂಜೆಯ ಫೋನು

ಶುಕ್ರವಾರ ಸಂಜೆ ನಾಲ್ಕು ಗಂಟೆ ಆದರೆ ನನಗೆ ಈಗಲೂ ಸ್ವಲ್ಪ ದಿಗಿಲು. "ಇನ್ನು ನಮ್ಮ ಕೈಲಾಗಲ್ಲ, ಆಸ್ಪತ್ರೆಗೆ ಸೇರಿಸಿ" ಅನ್ನುವ ಫೋನು ನನಗೆ ಬಂದಿರುವುದೆಲ್ಲ ಹೆಚ್ಚಾಗಿ ಆ ಹೊತ್ತಿಗೇ. ಗುರುವಾರದವರೆಗೆ ಎಲ್ಲರೂ ಹೇಗೋ ತಳ್ಳಿಕೊಂಡು ಬಂದಿರುತ್ತಾರೆ. ಇನ್ನೆರಡು ದಿನ ಆಫೀಸು ಇಲ್ಲ, ಪರಿಚಯದ ಡಾಕ್ಟರು ಇಲ್ಲ ಅಂತ ಗೊತ್ತಾದ ಕೂಡಲೇ ಕೈಕಾಲು ಬಿಟ್ಟುಬಿಡುತ್ತಾರೆ.

ನಾನು ಅರಸೀಕೆರೆ ಕಡೆಯವಳು. ಬೆಂಗಳೂರಿನಲ್ಲಿ ನರ್ಸಿಂಗ್ ಓದಿ ಇಂಗ್ಲೆಂಡಿಗೆ ಬಂದೆ. ಮೊದಲ ನಾಲ್ಕು ವರ್ಷ ಮಾನಸಿಕ ಆರೋಗ್ಯದ ವಾರ್ಡು, ಆಮೇಲೆ ಆರು ವರ್ಷದಿಂದ ಮನೆಮನೆಗೆ ಹೋಗುವ ತಂಡ. ನಾವು ನೋಡುವುದು ಆಟಿಸಂ ಇರುವವರನ್ನು ಮತ್ತು ಇಲ್ಲಿ 'ಲರ್ನಿಂಗ್ ಡಿಸೆಬಿಲಿಟಿ' ಅನ್ನುವವರನ್ನು. ಊರಿಗೆ ಹೋದಾಗಲೆಲ್ಲ ಅತ್ತಿಗೆ ಕೇಳುತ್ತಾರೆ, "ಓದು ಬರಹ ತಲೆಗೆ ಹತ್ತದ ಮಕ್ಕಳಾ?" ಅಂತ. ಅಲ್ಲ. ನಮ್ಮಲ್ಲಿ ಆ ಮಾತಿಗೆ ಡಿಸ್ಲೆಕ್ಸಿಯಾ ಥರದ ಕಲಿಕೆಯ ತೊಂದರೆ ಅನ್ನುವ ಅರ್ಥ ಇದೆ. ಇಲ್ಲಿ ಅದರ ಅರ್ಥ ಬೌದ್ಧಿಕ ಅಂಗವಿಕಲತೆ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇವೆರಡೂ ಬೇರೆ ಬೇರೆ ಹೆಸರಿನಲ್ಲೇ ಇವೆ.

ವಾರ್ಡಿನಲ್ಲಿದ್ದಾಗ ಒಬ್ಬಳು ಹತ್ತೊಂಬತ್ತರ ಹುಡುಗಿಯನ್ನು ಒಳಗೆ ಕರೆದುಕೊಂಡವಳು ನಾನೇ. "ಎರಡು ವಾರ ನೋಡೋಣ" ಅಂತ ಅವಳ ತಾಯಿಗೆ ನಾನೇ ಹೇಳಿದ್ದೆ. ಹೊರಗೆ ಹೋಗಲು ಎರಡು ವರ್ಷ ಹಿಡಿಯಿತು. ಅಲಾರಂ ಸದ್ದು, ಟ್ಯೂಬ್‌ಲೈಟು, ದಿನಕ್ಕೆ ಮೂರು ಪಾಳಿಯ ಹೊಸ ಮುಖಗಳು. ಆಟಿಸಂ ಇರುವವಳಿಗೆ ಇದಕ್ಕಿಂತ ಕೆಟ್ಟ ಜಾಗ ಹುಡುಕಿದರೂ ಸಿಗಲಿಕ್ಕಿಲ್ಲ. ಅವಳು ಕಿರುಚಿದಷ್ಟೂ ನಾವು ಇನ್ನೂ ಬಿಡುವ ಹಾಗಿಲ್ಲ ಅಂತ ಬರೆದೆವು. ಅಷ್ಟರಲ್ಲಿ ಅವಳ ಬಾಡಿಗೆ ಮನೆ ಬೇರೆಯವರಿಗೆ ಹೋಯಿತು. ಆ ಎರಡು ವಾರದ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ಇದು ನಮ್ಮೊಂದು ವಾರ್ಡಿನ ಕಥೆ ಅಷ್ಟೇ ಅಲ್ಲ. ಬ್ರಿಸ್ಟಲ್ ಹತ್ತಿರದ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆಯಲ್ಲಿ ಇಂಥವರನ್ನು ಹೊಡೆದು ಹಿಂಸಿಸುತ್ತಿದ್ದುದನ್ನು 2011ರ ಮೇ ತಿಂಗಳಲ್ಲಿ ಬಿಬಿಸಿ ತೋರಿಸಿತು. ಹನ್ನೊಂದು ಜನ ಸಿಬ್ಬಂದಿಗೆ ಶಿಕ್ಷೆಯಾಯಿತು, ಆರು ಜನ ಜೈಲಿಗೆ ಹೋದರು. ಆಸ್ಪತ್ರೆಗಳ ಒಳಗಿರುವ ಇಂಥವರ ಸಂಖ್ಯೆಯನ್ನು 2015ಕ್ಕೆ ಹೋಲಿಸಿದರೆ 2024ರ ಮಾರ್ಚ್ ಹೊತ್ತಿಗೆ ಅರ್ಧಕ್ಕೆ ಇಳಿಸುತ್ತೇವೆ ಅಂತ ಸರ್ಕಾರ ಮಾತು ಕೊಟ್ಟಿತು. ಆಗಲಿಲ್ಲ. ಆ ತಿಂಗಳ ಕೊನೆಗೂ ಎರಡು ಸಾವಿರದ ಮೇಲೆಯೇ ಇದ್ದರು.

ಈಗ ನಮ್ಮ ತಂಡ ನೋಡುವ ಒಬ್ಬ ಹುಡುಗನ ವಿಷಯ. ಹುಡುಗ ಅಂದರೂ ಇಪ್ಪತ್ತಾರು ವರ್ಷ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಮಾತು ಇಲ್ಲ. ಒಂದು ಪುಟ್ಟ ಮನೆಯಲ್ಲಿ ಹಗಲೂ ರಾತ್ರಿ ಸಹಾಯಕರ ಜೊತೆ ಇರುತ್ತಾನೆ. ಮೂರು ವಾರದಿಂದ ತಲೆಗೆ ತಾನೇ ಗುದ್ದಿಕೊಳ್ಳುತ್ತಿದ್ದ. ಒಂದು ಕಿಟಕಿ ಒಡೆದ. ಒಬ್ಬ ಸಹಾಯಕನ ಮುಂಗೈ ಕಚ್ಚಿದ. ಆ ಶುಕ್ರವಾರ ಫೋನು ಬಂತು. ಮನೆ ನಡೆಸುವ ಕಂಪನಿ, ಇನ್ನು ಇವನನ್ನು ನೋಡಿಕೊಳ್ಳಲ್ಲ ಅಂತ 28 ದಿನದ ನೋಟಿಸ್ ಕೊಡಲು ತಯಾರಾಗಿತ್ತು. ರಿಸ್ಪೆರಿಡೋನ್ ಎಂಬ ಮಾನಸಿಕ ಕಾಯಿಲೆಯ ಔಷಧಿ ಜಾಸ್ತಿ ಮಾಡಿ, ಇಲ್ಲವೇ ಸೆಕ್ಷನ್ 2ರಲ್ಲಿ ಸೇರಿಸಿ ಅನ್ನುವ ಮಾತೂ ಎದ್ದಿತ್ತು. ಸೆಕ್ಷನ್ 2 ಅಂದರೆ ಇಲ್ಲಿನ 1983ರ ಮಾನಸಿಕ ಆರೋಗ್ಯ ಕಾಯ್ದೆಯಡಿ 28 ದಿನದವರೆಗೆ ಒಳಗೆ ಇಟ್ಟುಕೊಳ್ಳಬಹುದು. ಮತ್ತೆ ಅದೇ "ನೋಡೋಣ".

ನಾನು ಕಾರು ಹತ್ತಿ ಅಲ್ಲಿಗೇ ಹೋದೆ. ಹೋದವಳು ಮೊದಲು ಕೇಳಿದ್ದು ದಿನಚರಿ ಪುಸ್ತಕ. ಗಲಾಟೆಯಾದಾಗ ಬರೆಯುವ ಘಟನೆಯ ಫಾರ್ಮು ಬೇಡ ಅಂದೆ. ಅದರಲ್ಲಿ ಹೊಡೆದ, ಕಚ್ಚಿದ, ಒಡೆದ ಅಂತ ಇರುತ್ತದೆ ಅಷ್ಟೇ. ನನಗೆ ಬೇಕಿದ್ದದ್ದು ಏನೂ ಆಗದ ದಿನಗಳ ಬರಹ. ಅಡುಗೆಮನೆ ಮೇಜಿನ ಮೇಲೆ ಆರು ವಾರದ ಪುಟಗಳನ್ನು ಹರಡಿಕೊಂಡು ಕೂತೆ. "ಟೋಸ್ಟ್ ಬೇಡ ಅಂದ." ಮಾರನೇ ದಿನವೂ ಅದೇ. ಒಟ್ಟು ಒಂಬತ್ತು ಸಲ, ಐದು ಬೇರೆ ಬೇರೆ ಕೈಬರಹದಲ್ಲಿ. ಹಳೇ ಸಹಾಯಕರು ಇಬ್ಬರು ಕೆಲಸ ಬಿಟ್ಟಿದ್ದರು, ಬಂದವರೆಲ್ಲ ಏಜೆನ್ಸಿಯವರು. ಒಬ್ಬರು ಬರೆದದ್ದು ಇನ್ನೊಬ್ಬರು ಓದಿರಲಿಲ್ಲ. ಇನ್ನೊಂದು ಪುಟದಲ್ಲಿ ಹೀಗಿತ್ತು: "ಫ್ರಿಜ್ ಬಾಗಿಲಿಗೆ ಕೆನ್ನೆ ಒತ್ತಿಕೊಂಡು ಹಠ. ಕರೆದರೂ ಬರಲಿಲ್ಲ."

ಕೆನ್ನೆ, ತಣ್ಣಗಿನ ಫ್ರಿಜ್, ಗಟ್ಟಿ ಟೋಸ್ಟ್. ನಮ್ಮಜ್ಜಿ ಆಗಿದ್ದರೆ ಅಲ್ಲೇ ಲವಂಗ ತಂದುಕೊಡುತ್ತಿದ್ದಳು.

ಅವನ ತಾಯಿಗೆ ಫೋನು ಮಾಡಿದೆ. ಚಿಕ್ಕವನಿದ್ದಾಗ ಕಿವಿ ನೋವು ಬಂದರೆ ಏನು ಮಾಡುತ್ತಿದ್ದ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, "ಇದೇ ಥರ, ಗುದ್ದಿಕೊಳ್ಳೋನು." ಅವರನ್ನು ಆ ಮೂರು ವಾರದಲ್ಲಿ ಯಾರೂ ಕೇಳಿಯೇ ಇರಲಿಲ್ಲ. ಮೈಗೆ ಬಂದ ಕಾಯಿಲೆಯನ್ನು ಆಟಿಸಂನ ಲೆಕ್ಕಕ್ಕೆ ಬರೆದುಬಿಡುವುದು ನಮ್ಮ ಕೆಲಸದಲ್ಲಿ ತುಂಬ ಹಳೇ ತಪ್ಪು. ಹಲ್ಲು, ಮಲಬದ್ಧತೆ, ಕಿವಿ. ನಾನು ಈ ಮೂರನ್ನು ನೋಡದೆ ಮನಸ್ಸಿನ ಮಾತೇ ಎತ್ತುವುದಿಲ್ಲ.

ಔಷಧಿ ಚೀಟಿಯಲ್ಲಿ ಪ್ಯಾರಾಸಿಟಮಾಲ್ ಇತ್ತು, "ಬೇಕಾದಾಗ ಕೊಡಿ" ಅಂತ. ಕೇಳಲು ಬಾಯಿಲ್ಲದವನಿಗೆ ಬೇಕಾದಾಗ ಅಂದರೆ ಯಾವಾಗ? ಜಿಪಿ, ಅಂದರೆ ಇಲ್ಲಿನ ಕುಟುಂಬ ವೈದ್ಯರು, ಇನ್ನೂ ಕ್ಲಿನಿಕ್‌ನಲ್ಲಿದ್ದರು. ಅವರಿಗೆ ಹೇಳಿ ಅದನ್ನು ದಿನಕ್ಕೆ ನಾಲ್ಕು ಸಲ, ಹೊತ್ತಿಗೆ ಸರಿಯಾಗಿ ಕೊಡುವ ಹಾಗೆ ಬದಲಿಸಿದೆವು. ಮಾರನೇ ದಿನ ತಾಯಿ ಬಂದು ಟಾರ್ಚ್ ಹಿಡಿದು, ಅವನು ಆಕಳಿಸುವುದನ್ನೇ ಕಾದು ಬಾಯಿ ನೋಡಿದರು. ಕೆಳಗಿನ ದವಡೆಹಲ್ಲಿನ ಪಕ್ಕ ಊದಿಕೊಂಡಿತ್ತು. ಆಂಟಿಬಯೋಟಿಕ್ ಶುರುವಾಯಿತು. ಭಾನುವಾರ ರಾತ್ರಿ ಅವನು ಐದು ಗಂಟೆ ನಿದ್ದೆ ಮಾಡಿದ.

ಇಷ್ಟಕ್ಕೇ ಎಲ್ಲ ಸರಿಹೋಯಿತು ಅಂತಲ್ಲ. ಕಂಪನಿಯ ನೋಟಿಸ್ ಇನ್ನೂ ತಲೆಮೇಲೆ ಇತ್ತು. ಆಸ್ಪತ್ರೆಗೆ ಸೇರುವ ಅಪಾಯ ಇರುವವರ ಹೆಸರು ಬರೆಯಲು ಇಲ್ಲಿ ಡೈನಾಮಿಕ್ ಸಪೋರ್ಟ್ ರಿಜಿಸ್ಟರ್ ಅಂತ ಒಂದಿದೆ. ಕೆಂಪು, ಕೇಸರಿ, ಹಸಿರು ಅಂತ ಬಣ್ಣ ಹಚ್ಚುತ್ತಾರೆ. ಅವನ ಹೆಸರನ್ನು ಕೆಂಪಿಗೆ ಹಾಕಿಸಿದೆ. ಒಪ್ಪಿಗೆ ಕೊಡುವಷ್ಟು ಅವನಿಗೆ ತಿಳಿಯದ ಕಾರಣ, ತಾಯಿಯನ್ನು ಕೇಳಿ ಅವನ ಹಿತ ನೋಡಿ ತೀರ್ಮಾನ ಮಾಡಿದೆವು. ಆ ಬಣ್ಣ ಬಿದ್ದರೆ ಸಿಟಿಆರ್ ಎಂಬ ಪರಿಶೀಲನಾ ಸಭೆ ಕರೆಸುವುದು ಸುಲಭ. ಹಣ ಕೊಡುವ ಕಡೆಯವರು ಅದರ ಅಧ್ಯಕ್ಷರು. ಜೊತೆಗೆ ಒಬ್ಬರು ಹೊರಗಿನ ತಜ್ಞರು, ಮತ್ತೆ ಇದನ್ನೆಲ್ಲ ಸ್ವತಃ ಅನುಭವಿಸಿದ ಒಬ್ಬರು.

ಈ ಮೂರನೆಯವರನ್ನು ಸುಮ್ನೆ ಲೆಕ್ಕ ತುಂಬಿಸೋಕೆ ಕರೆಯುತ್ತಾರೆ ಅಂತ ನಾನು ಮೊದಲು ಅಂದುಕೊಂಡಿದ್ದೆ. ಆ ದಿನ ಬಂದವರು ಆಟಿಸಂ ಇರುವ ಹೆಂಗಸು, ಹಿಂದೆ ತಾವೇ ವಾರ್ಡಿನಲ್ಲಿ ಇದ್ದವರು. ನಾವೆಲ್ಲ ಹಲ್ಲಿನ ಮಾತಾಡುತ್ತಿದ್ದರೆ ಅವರು ಕೇಳಿದ್ದು ಒಂದೇ: "ರಾತ್ರಿ ಅವನ ಕೋಣೆ ಬಾಗಿಲು ಯಾರು ತೆಗೀತಾರೆ?" ಎಲ್ಲರೂ ಮುಖ ಮುಖ ನೋಡಿಕೊಂಡೆವು. ಕಿಟಕಿ ಒಡೆದ ಮೇಲೆ, ಸುರಕ್ಷತೆಗೆ ಅಂತ ಗಂಟೆಗೊಮ್ಮೆ ಬಾಗಿಲು ತೆಗೆದು ಟಾರ್ಚ್ ಬಿಟ್ಟು ನೋಡುತ್ತಿದ್ದರು. ರಾತ್ರಿಯಿಡೀ. ಆ ಯೋಜನೆಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬಳು.

ಅವತ್ತಿಂದಲೇ ಅದನ್ನು ನಿಲ್ಲಿಸಿ, ಬಾಗಿಲ ಹೊರಗೆ ಕೂತು ಕಿವಿಗೊಡುವ ಹಾಗೆ ಮಾಡಿದೆವು. ನಾಲ್ಕು ವಾರಕ್ಕೆ ಇನ್ನೊಬ್ಬ ರಾತ್ರಿ ಸಹಾಯಕನ ಖರ್ಚು ಮಂಜೂರಾಯಿತು. ಪರಿಚಯದ ಮುಖಗಳನ್ನೇ ಕಳಿಸಬೇಕು ಅನ್ನುವ ಷರತ್ತು ಹಾಕಿದೆವು. ಕಂಪನಿ ನೋಟಿಸ್ ಮಾತು ಬಿಟ್ಟಿತು. ಹಲ್ಲು ಕೀಳಲು ಪೂರ್ತಿ ಅರಿವಳಿಕೆ ಬೇಕಿತ್ತು, ಆ ಸಾಲು ಉದ್ದ. ಸಭೆಯ ಅಧ್ಯಕ್ಷರೇ ಫೋನು ಹಿಡಿದು ಕೂತದ್ದರಿಂದ ಹನ್ನೆರಡು ದಿನದಲ್ಲಿ ಸರದಿ ಬಂತು. ಬೆಳಗ್ಗೆ ಆಸ್ಪತ್ರೆಗೆ ಹೋದ, ಸಂಜೆ ಮನೆಗೆ ಬಂದ. ರಿಸ್ಪೆರಿಡೋನ್ ಒಂದು ಮಿಲಿಗ್ರಾಂ ಕೂಡ ಏರಲಿಲ್ಲ.

ಆಮೇಲೂ ಒಮ್ಮೆ ಗುದ್ದಿಕೊಂಡ. ಆ ಸಲ ಮಲಬದ್ಧತೆ.

ಈಗ ಆ ಮನೆಯಲ್ಲಿ ದಿನಚರಿ ಎಲ್ಲ ಟ್ಯಾಬ್ಲೆಟ್‌ಗೆ ಹೋಗಿದೆ. "ತಿಂಡಿ ಆಯಿತು" ಅಂತ ಒಂದು ಟಿಕ್ ಹಾಕಿದರೆ ಮುಗೀತು. ಏನು ಬಿಟ್ಟ ಅಂತ ಬರೆಯಲು ಜಾಗವೇ ಇಲ್ಲ. ಅದಕ್ಕೆ ನಾನು ಅಂಗಡಿಯಿಂದ ಒಂದು ಗೆರೆ ನೋಟ್‌ಬುಕ್ ತಂದು ಫ್ರಿಜ್ ಮೇಲೆ ಇಟ್ಟು ಬಂದಿದ್ದೇನೆ. ಹೋದ ತಿಂಗಳು ತೆಗೆದು ನೋಡಿದೆ. ಮೂರು ಕೈಬರಹ ಇತ್ತು, ಮೂರೂ ಗುರುತಿನವೇ.